ಲುವಾಂಗ್ ಪ್ರಬಾಂಗ್: ನವೀಕರಿಸಿಕೊಳ್ಳುತ್ತ ಬಾಳುವ ಪುರಾತನ ನಗರಿ

ಮೆಕಾಂಗ್ ಮಹಾನದಿಯು ಉತ್ತರ ಲಾವೋಸಿನ ಗಿರಿಪಂಕ್ತಿಗಳ ನಡುವೆ ಹರಿದುಬಂದು ನಾಮ್ ಖಾನ್ ಎಂಬ ಉಪನದಿಯನ್ನು ಕೂಡಿಸಿಕೊಳ್ಳುವೆಡೆಯಲ್ಲಿ, ಆ ಎರಡು ಪ್ರವಾಹಗಳ ಮಧ್ಯದ ಕಿರಿದಾದ ಭೂಶಿರದ ಮೇಲೆ ಲುವಾಂಗ್ ಪ್ರಬಾಂಗ್ ನಗರವು ನೆಲೆಸಿದೆ. 1353ರಲ್ಲಿ ಫಾ ಙುಂ ಅರಸನು ಸ್ಥಾಪಿಸಿದ ಲಾನ್ ಸಾಂಗ್ ರಾಜ್ಯಕ್ಕೆ ಮೊದಲು ಇದೇ ರಾಜಧಾನಿಯಾಗಿತ್ತು. 1995ರಿಂದೀಚೆಗೆ ಇದು ಯುನೆಸ್ಕೋದ ವಿಶ್ವಪರಂಪರೆಯ ತಾಣ. ಪ್ರಾಚೀನತೆಯೆಂಬುದು ಕದಲದೆ, ಕೆಡದೆ ಉಳಿದಿರುವುದರಲ್ಲಿಯೇ ಇದೆಯೆಂದು ನಂಬಿ ಬಂದವನಿಗೆ, ಈ ಊರಿನ ಬೀದಿಗಳಲ್ಲಿ ನಿಧಾನವಾಗಿ ಅಡ್ಡಾಡಿದಂತೆಲ್ಲ, ಆ ನಂಬಿಕೆ ಸಡಿಲವಾಗುತ್ತದೆ.

ಭೂಶಿರದ ತುದಿಯಲ್ಲಿರುವ ವಾಟ್ ಸಿಯೆಂಗ್ ಥೋಂಗ್ ವಿಹಾರವನ್ನೇ ನೋಡಿರಿ. ರಾಜಧಾನಿಯನ್ನು ವಿಯೆಂಟಿಯಾನಿಗೆ ಒಯ್ದ ಸೆತ್ತಾತಿರಾಟ್ ಅರಸನೇ, 1560ರ ಸುಮಾರಿನಲ್ಲಿ, ತಾನು ತೊರೆಯಲಿದ್ದ ನಗರದಲ್ಲಿ ಇದನ್ನು ಕಟ್ಟಿಸಿದನು. ಮರಿಗಳನ್ನು ಅಪ್ಪಿ ಕುಳಿತ ತಾಯಿಹಕ್ಕಿಯ ರೆಕ್ಕೆಗಳಂತೆ ಅದರ ಮಾಡುಗಳು ಅಂತಸ್ತು ಅಂತಸ್ತಾಗಿ ನೆಲದ ಸಮೀಪಕ್ಕೆ ಇಳಿದಿವೆ. ಹಿಂಬದಿಯ ಗೋಡೆಯಲ್ಲಿ, ಕೆಂಪು ಹಿನ್ನೆಲೆಯ ಮೇಲೆ, ಬಣ್ಣಬಣ್ಣದ ಗಾಜಿನ ಚೂರುಗಳಿಂದ ರಚಿತವಾದ ಮಹಾವೃಕ್ಷವೊಂದು ಬಿಸಿಲಿಗೆ ಪ್ರಜ್ವಲಿಸುತ್ತದೆ. ಅದು ಮೂಡಿದ್ದು 1960ರ ದಶಕದಲ್ಲಿ! ನಾಲ್ಕು ಶತಮಾನಗಳ ಹಿಂದಿನ ಗೋಡೆಗೆ ಮೊನ್ನೆಯ ಕುಶಲಕರ್ಮಿ ಮರವನ್ನು ತಂದು ನೆಟ್ಟರೂ ಎಲ್ಲಿಯೂ ಬೆಸುಗೆ ಕಾಣದಿರುವುದು, ಆ ಕಲೆಯ ಪರಂಪರೆ ಕಡಿಯದೆ ಹರಿದುಬಂದುದರ ಫಲವೆಂದೇ ನಾನು ಭಾವಿಸುತ್ತೇನೆ. 1513ರ ವಾಟ್ ವಿಸುನ್ ವಿಹಾರವು 1887ರ ದಾಳಿಯೊಂದರಲ್ಲಿ ಸುಟ್ಟುಹೋಯಿತು. ಆ ಶತಮಾನ ಮುಗಿಯುವುದರೊಳಗೆ ಮತ್ತೆ ಎದ್ದಿತು. ನಾಮ್ ಖಾನ್ ನದಿಯ ಬಿದಿರಿನ ಕಾಲುಸಂಕವಂತೂ ಮಳೆಗಾಲದ ಪ್ರವಾಹಕ್ಕೆ ಎಡೆಗೊಟ್ಟು ಮರೆಯಾಗಿ, ನೀರಿಳಿದ ಬಳಿಕ ಪ್ರತಿವರ್ಷವೂ ಹೊಸದಾಗಿ ನಿರ್ಮಾಣಗೊಳ್ಳುತ್ತದೆ.

ಕಟ್ಟಡಗಳಂತೆ ಆಚರಣೆಯೂ ಇಲ್ಲಿ ದಿನದಿನವೂ ಹೊಸದಾಗುತ್ತದೆ. ಅರುಣೋದಯದ ವೇಳೆಗೆ ಕಾಷಾಯಧಾರಿಗಳಾದ ಭಿಕ್ಷುಗಳೂ ಎಳೆಯ ಶ್ರಾಮಣೇರರೂ ಬರಿಗಾಲಿನಲ್ಲಿ ಸಾಲಾಗಿ ಭಿಕ್ಷೆಗೆ ಹೊರಡುತ್ತಾರೆ. ಮಂಡಿಯೂರಿ ಕುಳಿತ ಗೃಹಸ್ಥರು ಬಿದಿರಿನ ಬುಟ್ಟಿಯಿಂದ ಅಂಟಕ್ಕಿಯ ಅನ್ನವನ್ನು ತೆಗೆದು ಒಬ್ಬೊಬ್ಬರ ಪಾತ್ರೆಗೂ ಹಾಕುತ್ತಾರೆ. ಇಂಥ ಪೂಜ್ಯ ಕರ್ಮಕ್ಕೆ ಅಡ್ಡಬಂದು ಭಿಕ್ಷುಗಳ ಮುಖಕ್ಕೇ ಕ್ಯಾಮೆರಾ ಹಿಡಿಯುವ ಪ್ರವಾಸಿಗಳನ್ನು ಕಂಡರೆ ಮನಸ್ಸು ನೋಯುತ್ತದೆ; ಅತಿಥಿಯಾದವನು ಬೀದಿಯ ಆಚೆಬದಿಯಲ್ಲಿ ಮೌನದಿಂದ ನಿಲ್ಲಬೇಕು.

ಈ ನಗರಕ್ಕೆ ಹೆಸರನ್ನಿತ್ತ ಪ್ರಬಾಂಗ್ ಎಂಬುದು ಅಭಯಮುದ್ರೆಯಲ್ಲಿ ನಿಂತಿರುವ ಬುದ್ಧನ ವಿಗ್ರಹ. 1904ರಲ್ಲಿ ನಿರ್ಮಾಣ ಆರಂಭವಾದ ಅರಮನೆಯು 1975ರಲ್ಲಿ ಅರಸೊತ್ತಿಗೆ ಅಳಿದ ಮೇಲೆ ವಸ್ತುಸಂಗ್ರಹಾಲಯವಾಗಿದ್ದು, ವಿಗ್ರಹವು ಅದರ ಆವರಣದಲ್ಲಿಯೇ ಇದೆ. ಅರಸರು ಹೋದರೂ ಉತ್ಸವ ನಿಲ್ಲಲಿಲ್ಲ: ಏಪ್ರಿಲ್ ತಿಂಗಳ ಹೊಸವರ್ಷದಲ್ಲಿ ವಿಗ್ರಹವನ್ನು ಪಕ್ಕದ ವಾಟ್ ಮಾಯ್ ವಿಹಾರಕ್ಕೆ ಮೆರವಣಿಗೆಯಲ್ಲಿ ಕೊಂಡೊಯ್ಯುತ್ತಾರೆ, ಅಲ್ಲಿ ಪುರಜನರು ನಾಗಾಕಾರದ ಮರದ ನಾಳಕ್ಕೆ ಸುಗಂಧಜಲವನ್ನು ಹೊಯ್ದು, ಆ ಮೂಲಕ ಅದಕ್ಕೆ ಅಭಿಷೇಕ ಮಾಡುತ್ತಾರೆ.