ಹಂಗಳದ ಬದುವಿನ ಹೂಗಳಿಗೂ ಒಂದು ದಾಖಲೆ ಬೇಕು

ಜುಲೈ ಬಂತೆಂದರೆ ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಅಷ್ಟರಲ್ಲಿ ಹಂಗಳದ ಆಸುಪಾಸಿನ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿರುತ್ತವೆ. ಅವುಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ದೂರದೂರದಿಂದ ಜನ ಬರುತ್ತಾರೆ, ಕೆಲವು ರೈತರು ಅದಕ್ಕೆ ಶುಲ್ಕವನ್ನೂ ಪಡೆಯುತ್ತಾರೆ. ಬೆಳೆಗಾರನ ಕೈಗೆ ನಾಲ್ಕು ಕಾಸು ಸೇರುವುದು ಒಳ್ಳೆಯದೇ. ಆದರೆ ಈ ಸೀಮೆಯ ಹೂವೆಂದರೆ ಇಷ್ಟೇ ಎಂಬ ಭಾವನೆ ಬೇರೂರುತ್ತಿರುವುದು ದೊಡ್ಡ ನಷ್ಟ. ಅದೇ ಹೊಲಗಳ ಬದುವಿನಲ್ಲಿ, ಕಳ್ಳಿಬೇಲಿಯ ಬುಡದಲ್ಲಿ, ಊರಿಂದೂರಿಗೆ ಹೋಗುವ ಗಾಡಿಜಾಡಿನ ಅಂಚಿನಲ್ಲಿ ಯಾರೂ ಬಿತ್ತದೆ ಹುಟ್ಟಿ ಅರಳುವ ಹೂಗಳನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ಬೇಸಿಗೆಯಲ್ಲಿ ಒಬ್ಬರೇ ಸೈಕಲ್ ಹತ್ತಿ, ಹಳ್ಳಿದಾರಿಯಲ್ಲಿ ನಿಧಾನವಾಗಿ ಸಾಗುತ್ತ ಆ ಹೂಗಳ ಫೋಟೊ ತೆಗೆಯುವುದನ್ನು ಬಿಡುವಿನ ಹವ್ಯಾಸವೆಂದು ಪಕ್ಕಕ್ಕೆ ಸರಿಸಬಾರದು. ಗುಂಡ್ಲುಪೇಟೆ ತಾಲ್ಲೂಕಿಗೆ ತುರ್ತಾಗಿ ಬೇಕಿರುವ ದಾಖಲೆಯ ಕೆಲಸ ಅದು ಎಂಬುದು ನನ್ನ ವಾದ.

ಬೇಸಿಗೆಯಲ್ಲಿ ಇಲ್ಲಿ ಹೂವೆಲ್ಲಿ ಎಂದು ಕೇಳುವವರಿದ್ದಾರೆ. ಇದು ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ. ಮಾರ್ಚ್ ಹೊತ್ತಿಗೆ ಬಂಡೀಪುರದ ಕಾಡೇ ಎಲೆಯುದುರಿಸಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ನಿಜ. ಆದರೆ ಮುತ್ತುಗ ಕೆಂಪಾಗುವುದು ಎಲೆಯುದುರಿದ ಮೇಲೆಯೇ. ಕುರುಚಲು ಬಯಲಿನ ಕಾಡು ಈರುಳ್ಳಿ ಒಂದೂ ಎಲೆಯಿಲ್ಲದ ನೆಲದಿಂದ ಹೂದಂಟನ್ನು ಮೇಲೆಬ್ಬಿಸುವುದೂ ಬಿರುಬೇಸಿಗೆಯಲ್ಲಿ. ಆಮೇಲೆ ಹೊಂಗೆ, ಕಕ್ಕೆ. ತಂಗಡಿಗೂ ಎಕ್ಕಕ್ಕೂ ಕಾಲದ ಹಂಗೇ ಇಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಚಾಮರಾಜನಗರ ಜಿಲ್ಲೆಯ ಮಳೆಯ ಲೆಕ್ಕವೇ ಬೇರೆ. ಕರಾವಳಿ, ಮಲೆನಾಡುಗಳಿಗೆ ಜೂನ್, ಜುಲೈ ಮಳೆಯ ತಿಂಗಳುಗಳಾದರೆ ಇಲ್ಲಿ ಮೇ ತಿಂಗಳಲ್ಲಿ ಒಂದು ಏರು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ಏಪ್ರಿಲ್ ಕೊನೆಯ ಭರಣಿ, ಮೇ ನಡುವಿನ ಕೃತ್ತಿಕೆ ಹದವಾಗಿ ಹೊಯ್ದರೆ ಬದುಗಳು ಕೆಲವೇ ದಿನಗಳಲ್ಲಿ ಚಿಗುರುತ್ತವೆ; ಬೆರಳುಗುರಿನಷ್ಟು ಚಿಕ್ಕ ವಿಷ್ಣುಕ್ರಾಂತಿ, ಅದರ ಹಿಂದೆಯೇ ತುಂಬೆ ಕಾಣಿಸಿಕೊಳ್ಳುತ್ತವೆ. ಕ್ಯಾಲೆಂಡರಿನಲ್ಲಿ ಇನ್ನೂ ಬೇಸಿಗೆ ಇರುವಾಗಲೇ ಹಂಗಳದ ನೆಲಕ್ಕೆ ಮುಂಗಾರು ಬಂದಿರುತ್ತದೆ. ಜುಲೈನಲ್ಲಿ ಬರುವ ಪ್ರವಾಸಿಗೆ ಈ ಋತುವಿನ ಸುಳಿವೂ ಸಿಗುವುದಿಲ್ಲ.

ಸೈಕಲ್ಲೇ ಏಕೆ? ವಿಷ್ಣುಕ್ರಾಂತಿ ಕಾರಿನ ಕಿಟಕಿಗೆ ಕಾಣುವ ಹೂವಲ್ಲ. ಮೋಟಾರು ಬೈಕಿನಲ್ಲಿ ಕಂಡರೂ ನಿಲ್ಲುವಷ್ಟರಲ್ಲಿ ಹಿಂದೆ ಉಳಿದಿರುತ್ತದೆ. ಗುಂಪಿನಲ್ಲಿ ಹೋದರೆ ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕು; ಒಂದು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲೆ, ಕಾಯಿ, ಬುಡ ಎಲ್ಲವನ್ನೂ ನೋಡುವ ಪುರುಸೊತ್ತು ಒಂಟಿ ಸವಾರನಿಗೇ ಇರುವುದು. ಈ ಪುರುಸೊತ್ತಿನ ಬೆಲೆ ತಿಳಿಯಬೇಕಾದರೆ ಹಳದಿ ಹೂಗಳನ್ನು ನೋಡಬೇಕು. ತಂಗಡಿ ನಮ್ಮ ಬಯಲುಸೀಮೆಯದೇ ಪೊದೆ. ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಅದರ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ದುಂಬಿಗಳು ರೆಕ್ಕೆಯ ಸ್ನಾಯು ಮಿಡಿದು ಕೇಸರವನ್ನು ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತವೆ. ಅದೇ ಕುಲದ, ಅದೇ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು, ನೆರಳಿಗೆಂದು ಬಂದ ಮರ. ವಯನಾಡಿನ ಕಾಡನ್ನು ಅದು ಆವರಿಸಿದೆ, ಬಂಡೀಪುರದೊಳಗೂ ಕಾಲಿಟ್ಟಿದೆ. ಎಳೆಯ ಗಿಡವಾಗಿರುವಾಗ ಕಿತ್ತರೆ ಹೋಗುತ್ತದೆ. ಮರವಾದ ಮೇಲೆ ಕಡಿದರೂ ಬುಡದಿಂದ ಚಿಗುರುತ್ತದೆ. ಕಾಡು ಮತ್ತು ಹೊಲ ಕೂಡುವ ಹಂಗಳದಂಥ ಊರಿನ ದಾರಿಯಲ್ಲಿ ಅದರ ಮೊದಲ ಸಸಿಯನ್ನು ಗುರುತಿಸಿ, ದಿನ ಮತ್ತು ಜಾಗದೊಂದಿಗೆ ಫೋಟೊ ಇಟ್ಟವರು ಮಾಡುವ ಉಪಕಾರ ಸಣ್ಣದಲ್ಲ.

ಹಳೆಯ ದಾಖಲೆ ಇದ್ದರೆ ಏನು ಸಿಗುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಸಾಕ್ಷಿಯಿದೆ. ಬಿಳಿಗಿರಿರಂಗನಬೆಟ್ಟದ ಕಾಡಿನಲ್ಲಿ 1997ರಲ್ಲಿ ಗಿಡಮರಗಳನ್ನು ಎಣಿಸಿಟ್ಟಿದ್ದ ತಾಕುಗಳನ್ನು ಸಂಶೋಧಕರು 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಪೊದೆ ಹೊಕ್ಕ ತಾಕುಗಳು ಸುಮಾರು ದುಪ್ಪಟ್ಟಾಗಿದ್ದವು. ಮೊದಲಿನ ಎಣಿಕೆ ಇಲ್ಲದಿದ್ದರೆ ಲಂಟಾನ ಹೆಚ್ಚಾಗಿದೆ ಎಂಬ ಆ ಕಾಡಿನ ಸೋಲಿಗರ ಮಾತು ಬರೀ ಮಾತಾಗಿಯೇ ಉಳಿಯುತ್ತಿತ್ತು. ಕಾಡಿಗೆ ಇಂಥ ಎಣಿಕೆಯಾದರೂ ಇದೆ. ಹೊಲದ ಬದುವಿಗೆ, ಗೋಮಾಳದ ಅಂಚಿಗೆ, ರಸ್ತೆ ಅಗಲವಾದರೆ ಒಂದೇ ದಿನದಲ್ಲಿ ಜೆಸಿಬಿಯ ಬಾಯಿಗೆ ಹೋಗುವ ಬೇಲಿಸಾಲಿಗೆ ಯಾವ ಎಣಿಕೆಯಿದೆ?

ಬದುವಿನಲ್ಲಿರುವುದೆಲ್ಲ ಕಳೆ, ಅದಕ್ಕೆಂಥ ದಾಖಲೆ ಎಂಬುದು ಎರಡನೆಯ ಆಕ್ಷೇಪ. ರೈತನ ಕಡೆಯಿಂದ ಬರುವ ಮಾತಾದ್ದರಿಂದ ಇದಕ್ಕೆ ತೂಕವಿದೆ. ಪಾರ್ಥೇನಿಯಂ ಕಿತ್ತು ಬೇಸತ್ತವರಿಗೆ ಕಾಡುಹೂವಿನ ಚೆಲುವು ವರ್ಣಿಸುವುದು ಸಲ್ಲದು. ಆದರೂ ಈ ಸೀಮೆಯ ಅಡುಗೆಮನೆ ಬೇರೆ ಮಾತು ಹೇಳುತ್ತದೆ. ಬೆರಕೆ ಸೊಪ್ಪಿನ ಸಾರಿಗೆ ಹೆಂಗಸರು ಆಯುವ ಅಣ್ಣೆ, ಗಣಿಕೆ, ಹೊನಗೊನೆ ಹುಟ್ಟುವುದು ಇದೇ ಬದುಗಳಲ್ಲಿ. ಶಿವಪೂಜೆಯ ತುಂಬೆ, ರಥಸಪ್ತಮಿಯ ಎಕ್ಕ, ಗೌರಿಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಉರಿಯುವ ಗೌರಿಹೂವನ್ನೂ ಯಾರೂ ಬೆಳೆಸಿದ್ದಲ್ಲ. ಕಳೆನಾಶಕ ಸಿಂಪಡಿಸುವಾಗ ಯಾವುದನ್ನು ಕೊಲ್ಲಬೇಕು, ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸಲಿಕ್ಕಾದರೂ ಏನೇನಿದೆ ಎಂಬುದು ಗೊತ್ತಿರಬೇಕು. ಹೆಸರು ಬಲ್ಲವರು ಊರಿನ ಆ ಹೆಂಗಸರೇ. ಫೋಟೊ ತೆಗೆದವರು ಅವರ ಮುಂದೆ ಫೋನು ಹಿಡಿದು ಕೇಳಿ, ಅವರು ಹೇಳಿದ ಹೆಸರನ್ನೇ ಮೊದಲು ಬರೆದುಕೊಳ್ಳಬೇಕು.

ಮೊಬೈಲ್ ಚಿತ್ರ ವಿಜ್ಞಾನವಾಗುವುದಿಲ್ಲ ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. ಫಾದರ್ ಸೆಸಿಲ್ ಸಲ್ಡಾನಾ ಅವರು ಡ್ಯಾನ್ ನಿಕೋಲ್ಸನ್ ಜೊತೆಗೂಡಿ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದ ಹಿಂದೆ ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಗಳಿವೆ. ಆ ಶಿಸ್ತಿಗೆ ಚಿತ್ರ ಸಾಟಿಯಲ್ಲ. ಆದರೆ ಹೂವಿನ ಮುಖವನ್ನಷ್ಟೇ ಸೆರೆಹಿಡಿಯದೆ ಎಲೆ, ಕಾಂಡ, ಕಾಯಿ, ಇಡೀ ಗಿಡ, ಸುತ್ತಲ ನೆಲ ಎಲ್ಲವನ್ನೂ ತೆಗೆದು, ದಿನಾಂಕ, ಜಾಗ ನಮೂದಿಸಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಕ್ಕೆ ಸೇರಿಸಿದರೆ ತಜ್ಞರು ತಿದ್ದಲು, ಹೋಲಿಸಲು ಆಧಾರ ಸಿಗುತ್ತದೆ. ಗಿಡ ಕೀಳದೆ ಆಗುವ ಕೆಲಸವಿದು. ಗಿಡಮರಗಳ ವಿಚಾರ ಸಾಮಾನ್ಯ ಓದುಗನಿಗೆ ಒಗ್ಗದು ಎಂಬ ಅಳುಕು ಕನ್ನಡಿಗರಿಗೆ ಬೇಕಿಲ್ಲ; ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ, ಅದರ ತುಂಬ ಇರುವುದು ಸಸ್ಯಗಳ ವಿಚಾರವೇ.

ಉಳಿದದ್ದು ಅಪಾಯದ ಪ್ರಶ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2019ರಲ್ಲಿ ಇದೇ ತಾಲ್ಲೂಕಿನ ಕಾಡಂಚಿನ ಚೌಡಹಳ್ಳಿ ಭಾಗದಲ್ಲಿ ಹುಲಿ ರೈತರನ್ನು ಕೊಂದಿತ್ತು. ಆನೆಗಳು ಹೊಲಕ್ಕಿಳಿಯುವುದು ಹೊಸತಲ್ಲ. ಆದ್ದರಿಂದ ಒಂಟಿ ಸವಾರಿ ಊರುಗಳ ನಡುವಿನ ದಾರಿಗೆ, ಬಿಸಿಲು ಚೆನ್ನಾಗಿ ಏರಿದ ಬೆಳಗಿನ ಹೊತ್ತಿಗೆ ಸೀಮಿತವಾಗಿರಬೇಕು. ಹೆದ್ದಾರಿಯಲ್ಲಿ ಮೇಲುಕಾಮನಹಳ್ಳಿಯಿಂದಾಚೆಗೆ ಹುಲಿ ಮೀಸಲು. ಅಲ್ಲಿ ದಾರಿಯಲ್ಲಿ ನಿಲ್ಲುವುದೇ ತಪ್ಪು. ಗೋಪಾಲಸ್ವಾಮಿ ಬೆಟ್ಟಕ್ಕೂ ಖಾಸಗಿ ವಾಹನ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಈ ಮಿತಿಯಿಂದ ಕೆಲಸಕ್ಕೆ ಕುಂದಿಲ್ಲ, ಏಕೆಂದರೆ ದಾಖಲೆಯಿಲ್ಲದಿರುವುದು ಕಾಡಿನ ಹೊರಗಿನ ಹೂಗಳಿಗೆ.

ಗುಂಡ್ಲುಪೇಟೆ, ಚಾಮರಾಜನಗರದ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದುವವರು, ಹಳ್ಳಿ ಶಾಲೆಗಳ ಮೇಷ್ಟ್ರುಗಳು, ರಜೆಗೆ ಊರಿಗೆ ಬರುವ ಹುಡುಗ ಹುಡುಗಿಯರು ಬರುವ ಭರಣಿ ಮಳೆಯ ಮರುವಾರ ತಮ್ಮೂರಿನ ಒಂದೇ ಒಂದು ದಾರಿಯನ್ನು ಆರಿಸಿಕೊಳ್ಳಲಿ. ಅದೇ ದಾರಿಯಲ್ಲಿ ಪ್ರತಿವರ್ಷ ಅದೇ ವಾರ ಹೋಗಿ ಕಂಡದ್ದನ್ನೆಲ್ಲ ಚಿತ್ರಿಸಿಡಲಿ. ಸೈಕಲ್ಲೂ ಫೋನೂ ಈಗಾಗಲೇ ಮನೆಯಲ್ಲಿವೆ.