ಅಜೆಂಡಾದ ಕೊನೆಯ ಸಾಲು ಓದಿದ್ದೀರಾ?

ಕದ್ರಿ, ಬಿಜೈ, ಫಳ್ನೀರ್, ಬೆಂದೂರ್‌ವೆಲ್, ಅತ್ತಾವರ. ಮಂಗಳೂರಿನ ಯಾವ ಕಡೆ ಕತ್ತೆತ್ತಿ ನೋಡಿದರೂ ಈಗ ಫ್ಲ್ಯಾಟುಗಳೇ. ಹೆಂಚಿನ ಮನೆ, ಬಾವಿ, ಹತ್ತು ತೆಂಗಿನ ಮರ ಇದ್ದ ಜಾಗದಲ್ಲಿ ನಲ್ವತ್ತು ಸಂಸಾರ. ಸಂಸಾರ ನಲ್ವತ್ತಾದ ಮೇಲೆ ಸಂಘ ಒಂದು ಬೇಕು, ಸಂಘ ಆದ ಮೇಲೆ ಮೀಟಿಂಗು, ಮೀಟಿಂಗು ಅಂದ ಮೇಲೆ ನೋಟೀಸು.

ಲಿಫ್ಟಿನ ಪಕ್ಕ ಅಂಟಿಸಿದ ಆ ಹಾಳೆಯನ್ನು ಪೂರ್ತಿ ಓದುವವರು ಎಷ್ಟು ಮಂದಿ? ಹಿಂದಿನ ಸಭೆಯ ವರದಿ, ಲೆಕ್ಕಪತ್ರ ಮಂಡನೆ, ನೀರಿನ ವಿಚಾರ, ಕೊನೆಗೆ 'ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯಗಳು'. ಇಷ್ಟೇ ಅಲ್ವಾ, ಹೋಗದಿದ್ದರೂ ನಡೆಯುತ್ತದೆ ಅಂತ ನೀವು ಸ್ಟೇಟ್ ಬ್ಯಾಂಕ್ ಬಸ್ಸು ಹತ್ತುತ್ತೀರಿ. ಮರುದಿನ ನೋಡಿದರೆ ಟೆರೇಸಿಗೆ ಶೀಟು ಹಾಕಿಸುವುದೆಂದು ನಿರ್ಣಯ ಆಗಿದೆ, ಮನೆಯೊಂದಕ್ಕೆ 25,000 ರೂಪಾಯಿ ಅಂತ ಇಟ್ಟುಕೊಳ್ಳಿ. ಎಲ್ಲಿ ಬಂತು ಈ ಶೀಟು? ಆ 'ಇತರ ವಿಷಯಗಳು' ಒಳಗಿಂದ ಬಂತು ಮಾರಾಯ್ರೇ!

ಶೀಟು ಬೇಡ ಅಂತ ನಾವು ಹೇಳುವುದಿಲ್ಲ. ನಮ್ಮ ಊರಿನ ಮಳೆಗೆ ಶೀಟಿಲ್ಲದ ಟೆರೇಸು ಸೋರದೆ ಉಳಿಯುವುದು ಅಪರೂಪ. ಪ್ರಶ್ನೆ ಇರುವುದು ಕೇಳಿ ಹಾಕಿಸಿದರೋ, ಕೇಳದೆ ಹಾಕಿಸಿದರೋ ಎಂಬುದರಲ್ಲಿ. ಏಕೆಂದರೆ ಇದು ಯುವಕ ಮಂಡಲದ ಚಂದಾ ಅಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಿಕತ್ವ ಕಾಯ್ದೆ 1972ರ ಪ್ರಕಾರ, ಸಾಮಾನ್ಯ ಖರ್ಚಿನಲ್ಲಿ ನಿಮ್ಮ ಪಾಲು ಕಟ್ಟದಿದ್ದರೆ ಆ ಬಾಕಿ ನಿಮ್ಮ ಫ್ಲ್ಯಾಟಿನ ಮೇಲೆಯೇ ಋಣವಾಗಿ ಕೂರುತ್ತದೆ. ನೀವಿಲ್ಲದ ಮೀಟಿಂಗಿನಲ್ಲಿ ಎತ್ತಿದ ಕೈಗಳು ನಿಮ್ಮ ಮನೆಯ ಮೇಲೆ ಸಾಲ ಹೊರಿಸಬಹುದು ಎಂದಾಯಿತು.

ಹಾಗಾದರೆ ನೋಟೀಸು ಹೇಗಿರಬೇಕು? ಈ ಕಾಯ್ದೆಯ ನಿಯಮಗಳ ಜೊತೆ ಸರಕಾರವೇ ಕೊಟ್ಟ ಮಾದರಿ ಬೈಲಾ ಉಂಟು. ಬಹಳ ಸಂಘಗಳು ಅದನ್ನೇ ಅಷ್ಟಿಷ್ಟು ತಿದ್ದಿ ತಮ್ಮದು ಮಾಡಿಕೊಂಡಿವೆ. ಅದರಲ್ಲಿ ಬರೆದದ್ದು ಸ್ಪಷ್ಟ: ವಾರ್ಷಿಕ ಸಭೆ ಇರಲಿ, ವಿಶೇಷ ಸಭೆ ಇರಲಿ, ಎಲ್ಲಿ, ಯಾವಾಗ ಎನ್ನುವುದರ ಜೊತೆಗೆ ಯಾವ ಉದ್ದೇಶಕ್ಕೆ ಎಂಬುದನ್ನೂ ಕಾಣಿಸಿ ಕಾರ್ಯದರ್ಶಿಯು ಪ್ರತಿಯೊಬ್ಬ ಮಾಲೀಕನಿಗೆ ನೋಟೀಸು ಕಳುಹಿಸಬೇಕು. ಕಳುಹಿಸಬೇಕು ಅಂದರೆ ಕಳುಹಿಸಬೇಕು. ಲಿಫ್ಟಿನ ಪಕ್ಕ ಅಂಟಿಸಿ ಕೈತೊಳೆದುಕೊಂಡರೆ ಆಗಲಿಲ್ಲ.

ಎಷ್ಟು ದಿನ ಮುಂಚೆ? ಇಲ್ಲಿ ಒಂದು ತಮಾಷೆ ಉಂಟು. ಕನಿಷ್ಠ 2 ದಿನ, ಆದರೆ 7 ದಿನಕ್ಕಿಂತ ಹೆಚ್ಚು ಮುಂಚೆ ಅಲ್ಲ! ಅಂದರೆ ಪಾಪ, ಒಳ್ಳೆಯ ಕಾರ್ಯದರ್ಶಿಯೊಬ್ಬರು ಹದಿನೈದು ದಿನ ಮೊದಲೇ ತಿಳಿಸಿದರೆ ಅದೇ ನಿಯಮಕ್ಕೆ ವಿರುದ್ಧ. ಮಂಗಳೂರಿನಂಥ ಊರಿಗೆ ಇದು ಒಗ್ಗುವ ಲೆಕ್ಕವಲ್ಲ. ನಮ್ಮ ಫ್ಲ್ಯಾಟುಗಳ ಯಜಮಾನರು ಎಷ್ಟೋ ಮಂದಿ ದುಬೈ, ಮಸ್ಕತ್, ಕುವೈತ್, ಮುಂಬಯಿಯಲ್ಲಿ ದುಡಿಯುವವರು. ಫ್ಲ್ಯಾಟಿನಲ್ಲಿ ಇರುವುದು ಬಾಡಿಗೆಯ ಕಾಲೇಜು ಹುಡುಗರು. ಅವರ ಕೈಗೆ ಕೊಟ್ಟ ನೋಟೀಸು ಪುಸ್ತಕದ ನಡುವೆ ಸೇರುತ್ತದೆ, ಯಜಮಾನರಿಗೆ ಸುದ್ದಿ ಮುಟ್ಟುವಾಗ ಶೀಟಿನ ಲಾರಿ ಗೇಟಿಗೆ ಬಂದಾಗಿರುತ್ತದೆ.

ಈಗ ವಾಟ್ಸಾಪ್ ಉಂಟಲ್ಲ ಅನ್ನಬಹುದು. ಉಂಟು. ಆದರೆ ಮಾದರಿ ಬೈಲಾ ಬರೆದ ಕಾಲಕ್ಕೆ ಇದ್ದದ್ದು ಟಪಾಲು ಮತ್ತು ತಂತಿ. ಆಡಳಿತ ಸಮಿತಿಯ ಸದಸ್ಯರಿಗೆ ತಂತಿಯ ಮೂಲಕವೂ ತಿಳಿಸಬಹುದು ಅಂತ ಅದರಲ್ಲಿದೆ. ದೇಶದಲ್ಲಿ ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು! ವಾಟ್ಸಾಪ್ ಸಂದೇಶವೂ ನೋಟೀಸೇ ಎಂದು ನಿಮ್ಮ ಸಂಘಕ್ಕೆ ಅನಿಸಿದರೆ ಬೈಲಾ ತಿದ್ದುಪಡಿ ಮಾಡಿ ಹಾಗಂತ ಬರೆದುಕೊಳ್ಳಬಹುದು. ಬರೆದುಕೊಳ್ಳದೆ, ಶುಭೋದಯದ ಗುಲಾಬಿ ಹೂವುಗಳ ನಡುವೆ ಒಂದು ಸಾಲು ಹಾಕಿ 'ಎಲ್ಲರಿಗೂ ತಿಳಿಸಿದ್ದೇವೆ' ಎನ್ನುವುದು ನಾಳೆ ತಕರಾರಿಗೆ ದಾರಿ.

ಅಂದಹಾಗೆ ಸಮಿತಿಯವರ ನಿತ್ಯದ ಸಭೆಗೆ ಅವರವರಿಗೆ 3 ದಿನ ಮೊದಲು ನೋಟೀಸು ಸಿಗಬೇಕು. ಮಾಲೀಕರಿಗೆ ಎರಡು, ಸಮಿತಿಗೆ ಮೂರು. ದುಡ್ಡು ಕೊಡುವವನಿಗೆ ಒಂದು ದಿನ ಕಮ್ಮಿ! ಸಮಿತಿಯ ಸದಸ್ಯರು ಇನ್ನೊಂದು ಮಾತು ನೆನಪಿಡಬೇಕು. ನೋಟೀಸು ಬಾರದಿದ್ದರೂ ಹೋಗಿ ಸಭೆಯಲ್ಲಿ ಕೂತರೆ, ನೋಟೀಸಿನ ಹಕ್ಕು ಬಿಟ್ಟುಕೊಟ್ಟ ಹಾಗೆಯೇ.

ಇನ್ನು ಕೋರಮ್ಮಿನ ಕತೆ. 'ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ಸಭೆ ಮುಂದುವರಿಯುವುದು' ಎಂಬ ಸಾಲನ್ನು ನೋಟೀಸಿನಲ್ಲೇ ಅಚ್ಚು ಹಾಕಿಸುವ ಪದ್ಧತಿ ಉಂಟಷ್ಟೆ. ಮಾದರಿ ಬೈಲಾ ಹೇಳುವುದು ಅರ್ಧ ಗಂಟೆಯಲ್ಲ, ಕನಿಷ್ಠ 48 ಗಂಟೆ. ಆ ಎರಡನೇ ಸಭೆಗೂ ಜನ ಬಾರದಿದ್ದರೆ ಮಾತ್ರ ಬಂದವರೇ ಕೋರಂ. ಅದೂ ಎಷ್ಟು ಮಂದಿ ಸಾಕು ಗೊತ್ತಾ? ಇಬ್ಬರು! ಇಬ್ಬರು ಕೂತು ನಲ್ವತ್ತು ಮನೆಯ ತೀರ್ಮಾನ ಮಾಡಬಹುದು. ಮುಂಡಾಸು ಕಟ್ಟಿಕೊಂಡು ಓಡಾಡುವ ಕಾರ್ಯದರ್ಶಿಯನ್ನು ಬೈಯುವ ಮೊದಲು ಉಳಿದ ಮೂವತ್ತೆಂಟು ಮಂದಿ ಎಲ್ಲಿದ್ದರು ಅಂತಲೂ ಕೇಳಬೇಕಾಗುತ್ತದೆ.

ಎಲ್ಲಿದ್ದರು ಅಂದರೆ, ವಾರದ ನಡುವೆ ಸಂಜೆ ಆರಕ್ಕೆ ಮೀಟಿಂಗು ಇಟ್ಟರೆ ಅಂಗಡಿಯವರು ಗಲ್ಲಾ ಬಿಟ್ಟು ಬರುವುದು ಹೇಗೆ? ಬಸ್ಸಿನವರು ನಂತೂರು, ಪಂಪ್‌ವೆಲ್ಲಿನಲ್ಲಿ ಸಿಕ್ಕಿಬಿದ್ದಿರುತ್ತಾರೆ. ಆದಿತ್ಯವಾರ ಬೆಳಿಗ್ಗೆ ಇಟ್ಟರೆ ಇಗರ್ಜಿಗೆ ಹೋದವರು ಬರಲಿಕ್ಕಿಲ್ಲ. ಯಾವಾಗ ಯಾರು ಬರುವುದಿಲ್ಲವೆಂದು ಲೆಕ್ಕ ಹಾಕಿಯೇ ಹೊತ್ತು ಗೊತ್ತುಮಾಡುವ ಚಾಣಾಕ್ಷರೂ ಇಲ್ಲದಿಲ್ಲ.

ವಿಶೇಷ ಸಭೆಯಾದರೆ ನಿಯಮ ಇನ್ನೂ ಬಿಗಿ. ನೋಟೀಸಿನಲ್ಲಿ ಇಲ್ಲದ ವಿಷಯವನ್ನು, ಹಾಜರಿದ್ದವರಲ್ಲಿ ಬಹುದೊಡ್ಡ ಪಾಲು ಒಪ್ಪದೆ, ಎತ್ತಿಕೊಳ್ಳುವ ಹಾಗೇ ಇಲ್ಲ. ವಾರ್ಷಿಕ ಸಭೆಯ ಕ್ರಮದಲ್ಲಿ ಮಾತ್ರ ಕಟ್ಟಕಡೆಗೆ 'ಹೊಸ ವಿಷಯ' ಅಂತ ಒಂದು ಜಾಗ ಉಂಟು, ನಿಜ. ಜಾಣ ಕಾರ್ಯದರ್ಶಿಗಳು ಅಡಗುವುದು ಅಲ್ಲೇ. ಗೇಟಿನ ಬಲ್ಬು, ಕಸದ ಬುಟ್ಟಿ, ಮಕ್ಕಳ ಸೈಕಲ್ಲು ಅಲ್ಲಿ ಬರಲಿ. ಜೇಬಿಗೆ ಕೈ ಹಾಕುವ ವಿಷಯ ಬಂದರೆ 'ಇದು ನೋಟೀಸಿನ ಉದ್ದೇಶದಲ್ಲಿ ಎಲ್ಲಿದೆ ಸ್ವಾಮಿ, ಮುಂದಿನ ಸಭೆಗೆ ಹಾಕಿ' ಎಂದು ಎದ್ದು ಹೇಳಿ, ನಿಮ್ಮ ಆಕ್ಷೇಪವನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿ. ಸಭೆಯ ಕ್ರಮದಲ್ಲಿ ಹಾಜರಿ ಕರೆದ ಮೇಲೆ ಬರುವ ಎರಡನೇ ಬಾಬ್ತೇ ನೋಟೀಸು ಕಳುಹಿಸಿದ್ದಕ್ಕೆ ಪುರಾವೆ. ಅದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ತೋರಿಸುವುದೂ ಇಲ್ಲ.

ಇಷ್ಟೂ ಹೇಳಿದ್ದು 1972ರ ಕಾಯ್ದೆಯ ಸಂಘಗಳಿಗೆ. ಅದು ಮುಖ್ಯವಾಗಿ ವಾಸದ ಕಟ್ಟಡಗಳಿಗಾಗಿ ಬಂದದ್ದು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡ ಯಾವ ಕಾಯ್ದೆಯಡಿ ಬರಬೇಕು ಎಂಬ ತಕರಾರು ಹೈಕೋರ್ಟಿನ ತನಕ ಹೋಗಿದೆ. 1960ರ ಸಂಘಗಳ ನೋಂದಣಿ ಕಾಯ್ದೆ ಅಥವಾ 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಕಟ್ಟಡಗಳೂ ಉಂಟು, ಅಲ್ಲಿ ದಿನಗಳ ಲೆಕ್ಕ ಬೇರೆ. ಆದ್ದರಿಂದ ನೆಲಮಾಳಿಗೆಯ ಅಂಗಡಿಯವರು 'ನಮಗೆ ನೋಟೀಸೇ ಬರುವುದಿಲ್ಲ' ಅಂತ ಗೊಣಗುವ ಮೊದಲು ತಮ್ಮ ಸಂಘ ಯಾವ ಕಾಯ್ದೆಯದ್ದು ಅಂತ ವಿಚಾರಿಸಿಕೊಳ್ಳಲಿ.

ಬೈಲಾ ಕೇಳಿದರೆ 'ಬೀರುವಿನಲ್ಲಿದೆ, ಬೀಗದ ಕೈ ಖಜಾಂಚಿಯವರಲ್ಲಿದೆ, ಅವರು ಮಗಳ ಮನೆಗೆ ಹೋಗಿದ್ದಾರೆ' ಎಂಬ ಉತ್ತರ ಬಂದರೆ ಗಾಬರಿ ಬೇಡ. 1972ರ ಕಾಯ್ದೆಯಡಿ ಘೋಷಣಾ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು, ಬೈಲಾದ ಪ್ರತಿ ಅದಕ್ಕೆ ಲಗತ್ತಾಗಿರಬೇಕು. ಅರ್ಜಿ ಕೊಟ್ಟು ಫೀಸು ಕಟ್ಟಿದರೆ ದೃಢೀಕೃತ ನಕಲು ಸಿಗುತ್ತದೆ. ಖಜಾಂಚಿಯವರು ಮಗಳ ಮನೆಯಲ್ಲಿ ಆರಾಮವಾಗಿ ಇರಲಿ.