ಕುಂಚದ ಅಭ್ಯಂಜನ

ಬೆಂಗಳೂರಿನ ಬಳಿಯ ಬಾಗಲೂರಿನಲ್ಲಿ ಅಂಗಡಿಗಳ ನಾಮಫಲಕಗಳನ್ನೂ ಲಾರಿಗಳ ಮೇಲಿನ ಹೆಸರುಗಳನ್ನೂ ಎನಾಮಲ್ ಬಣ್ಣದಲ್ಲಿ ಬರೆದು ಜೀವನ ಸಾಗಿಸಿದ ವೃದ್ಧರೊಬ್ಬರಿದ್ದಾರೆ. ಅವರ ಅಕ್ಷರಗಳ ಸೊಬಗನ್ನು ನೋಡಲೆಂದು ಹೋದ ನನ್ನನ್ನು ಅಕ್ಷರಗಳಿಗಿಂತ ಮಿಗಿಲಾಗಿ ಹಿಡಿದು ನಿಲ್ಲಿಸಿದವು, ಹಂಚಿನ ಸೂರಿನಡಿಯ ಹಲಗೆಯ ಮೇಲೆ ಅವರು ಮಲಗಿಸಿಟ್ಟಿದ್ದ ಕುಂಚಗಳು. ಹಿಡಿಯ ಮೆರುಗೆಲ್ಲ ಬೆರಳುಗಳ ಸ್ಪರ್ಶದಿಂದ ಸವೆದು ಒಳಗಿನ ಮರ ಕಾಣುತ್ತಿದ್ದರೂ, ಕೂದಲು ಮಾತ್ರ ಬುಡದವರೆಗೆ ಮೃದುವಾಗಿ, ತುದಿ ಎಲ್ಲಿಯೂ ಕವಲೊಡೆಯದೆ, ಆಗತಾನೆ ಕೊಂಡು ತಂದಂತಿತ್ತು.

“ತಲೆಗೆ ಎಣ್ಣೆ ಇಟ್ಟು ಆಮೇಲೆ ನೀರು ಹಾಕ್ಕೊಳಲ್ವಾ ಸಾಮಿ, ಇದಕ್ಕೂ ಅಷ್ಟೇಯ” ಎಂದರವರು.

ಕೆಲಸ ಮುಗಿದೊಡನೆ ಕುಂಚವನ್ನು ಡಬ್ಬದ ಅಂಚಿಗೆ ಒತ್ತಿ, ಅದು ಹೀರಿದ ಬಣ್ಣವನ್ನು ಡಬ್ಬಕ್ಕೇ ಇಳಿಸುತ್ತಾರೆ. ಮಿಕ್ಕದ್ದನ್ನು ಹಳೆಯ ವೃತ್ತಪತ್ರಿಕೆಗೆ ಒರೆಸುತ್ತಾರೆ. ಬಳಿಕ ಅಂಗೈಯಲ್ಲಿ ಹೊಂಗೆಯೆಣ್ಣೆಯನ್ನು ಸುರಿದುಕೊಂಡು, ಕೂದಲಿನ ಬುಡದಲ್ಲಿ ಅಡಗಿದ ಬಣ್ಣ ಹೊರಬರುವವರೆಗೆ ಹೆಬ್ಬೆರಳಿನಿಂದ ನಿಧಾನವಾಗಿ ನೀವುತ್ತಾರೆ. ಎನಾಮಲ್ಲಿನ ಅಂಟಿನಲ್ಲಿಯೂ ಸಾಮಾನ್ಯವಾಗಿ ಎಣ್ಣೆಯ ಅಂಶವೇ ಇರುವುದರಿಂದ, ಒಣಗುವುದಕ್ಕೆ ಮೊದಲು ಅದು ಎಣ್ಣೆಗೆ ಸಡಿಲುತ್ತದೆ. ಒರೆಸುವುದು, ಎಣ್ಣೆ ನೀವುವುದು, ಮತ್ತೆ ಒರೆಸುವುದು. ಕೊನೆಗೆ ನೆನೆಸಿದ ಅಂಟುವಾಳದ ನೊರೆ ಬೆಳ್ಳಗೆ ನಿಲ್ಲುವವರೆಗೆ ತೊಳೆದು, ತಣ್ಣೀರಿನಲ್ಲಿ ಜಾಲಿಸಿ, ಬೆರಳಿನಿಂದ ತುದಿಯನ್ನು ತಿದ್ದಿ ಮಲಗಿಸುವುದು. ಬಿಸಿನೀರು ನಿಷಿದ್ಧ, ತಗಡಿನ ಕಟ್ಟಿನೊಳಗಿನ ಅಂಟು ಸಡಿಲಿ ಕೂದಲು ಉದುರೀತು. ಒದ್ದೆಯಾಗಿರುವಾಗ ಕೂದಲನ್ನು ಮೇಲುಮಾಡಿ ನಿಲ್ಲಿಸುವುದೂ ಸಲ್ಲದು; ನೀರು ಕಟ್ಟಿನೊಳಗಿಳಿದು ಹಿಡಿಯ ಮರ ಕೊಳೆಯುತ್ತದೆ.

ನಾಳೆಯೇ ಬೇಕಾಗುವ ಕುಂಚಕ್ಕೆ ಸ್ನಾನವಿಲ್ಲ, ಹೊಂಗೆಯೆಣ್ಣೆಯ ಲೇಪವಷ್ಟೆ. ಅಗಸೆಯೆಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಹೊಂಗೆಯದು ಆಗುವುದಿಲ್ಲ. ಆದ್ದರಿಂದ ಬೆಳಗ್ಗೆ ಆ ಲೇಪವನ್ನು ನಿಶ್ಶೇಷವಾಗಿ ಒರೆಸದಿದ್ದರೆ ಬರೆದ ಅಕ್ಷರ ಒಣಗದು. ಅಗಸೆಯೆಣ್ಣೆ ಹೀರಿದ ಚಿಂದಿಯನ್ನು ಮುದ್ದೆಮಾಡಿ ಎಸೆದರೆ ತಾನೇ ತಾನಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟೆಂಬುದನ್ನೂ ಇಲ್ಲಿಯೇ ಹೇಳಬೇಕು. ಅದನ್ನು ಹರವಿ ಒಣಗಿಸತಕ್ಕದ್ದು. ಸೀಮೆಎಣ್ಣೆ ಅನಿವಾರ್ಯವಾದಾಗ ಅವರು ಅದನ್ನು ಮುಚ್ಚಳದ ಸೀಸೆಯಲ್ಲಿ ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಸಿದು ಮತ್ತೆ ಬಳಸುತ್ತಾರೆ, ಚರಂಡಿಗೆ ಚೆಲ್ಲುವುದಿಲ್ಲ.

ಕುಂಚವನ್ನು ಹೀಗೆ ಗೌರವಿಸುವುದು ನಮ್ಮ ನಾಡಿಗೆ ಹೊಸತಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟು ಕೆಮ್ಮಣ್ಣುಗಳ ಬಣ್ಣದಿಂದ, ಹಸೆ ಚಿತ್ತಾರವನ್ನು ಬರೆಯುತ್ತ ಬಂದಿದ್ದಾರೆ. ಆ ಕುಂಚವನ್ನು ತೊಳೆಯಲು ನೀರೊಂದೇ ಸಾಕು, ಸವೆದ ಮೇಲೆ ಅದು ಮಣ್ಣಿಗೆ ಮರಳುತ್ತದೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಅಳಿಲಿನ ಕೂದಲನ್ನು ರೇಷ್ಮೆದಾರದಿಂದ ಕಟ್ಟಿ ಹಕ್ಕಿಯ ಗರಿಯ ಕೊಳವೆಗೆ ಸೇರಿಸುತ್ತಿದ್ದರಂತೆ. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. ಕಾರ್ಖಾನೆಯ ಬಣ್ಣಗಳು ಊರೂರಿಗೆ ಹಬ್ಬಿದಂತೆಲ್ಲ ತೊಳೆಯುವ ಕೆಲಸವೂ ಕಠಿಣವಾಯಿತು. ಕುಂಚ ಕೊಳ್ಳುವಾಗ ಅದರ ಕೂದಲು ಯಾವುದೆಂಬುದನ್ನೂ ನೋಡಬೇಕು; ಮುಂಗುಸಿಯ ಕೂದಲಿನ ಕುಂಚವನ್ನಂತೂ ಯಾರೂ ಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

ಕುಂಚ ತೊಳೆದದ್ದನ್ನು ಚರಂಡಿಗೆ ಚೆಲ್ಲಬಾರದೆಂಬ ಎಚ್ಚರ ಬಾಗಲೂರಿನ ಮಟ್ಟಿಗೆ ಇನ್ನೂ ಮುಖ್ಯ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆನೀರು ಶುದ್ಧೀಕರಣಗೊಂಡು ಬಾಗಲೂರು ಕೆರೆಗೆ ಬಂದು, ಇಲ್ಲಿಂದ ಚಿಕ್ಕಬಳ್ಳಾಪುರದ ಕೆರೆಗಳತ್ತ ಏರುತ್ತದೆ. ನಗರದ ಯಾವುದೋ ಮನೆಯ ಬಚ್ಚಲಿಗೆ ಸುರಿದ ಥಿನ್ನರಿನ ಶೇಷವೆಲ್ಲ ಶುದ್ಧೀಕರಣದಲ್ಲಿ ಕಳೆದೇ ಹೋಗುವುದೆಂದು ನಿಶ್ಚಿಂತೆಯಿಂದಿರಲು ನನಗಂತೂ ಧೈರ್ಯವಿಲ್ಲ. ನೀರಿನಲ್ಲಿ ಕದಡುವ ಎಮಲ್ಷನ್ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ, ಅದರ ಅಂಟು ಪ್ಲಾಸ್ಟಿಕ್ ಜಾತಿಯದೇ. ಕುಂಚ ತೊಳೆದ ಮೊದಲ ನೀರನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಮರುದಿನದ ಮೊದಲ ತೊಳೆತಕ್ಕೆ ಬಳಸುವುದು ಯಾರಿಗೂ ಭಾರವಾಗದು.

ಈಗ ಫಲಕಗಳನ್ನು ಯಂತ್ರಗಳು ಮುದ್ರಿಸುತ್ತವೆ. ವೃದ್ಧರಿಗೆ ಕೆಲಸ ಬರುವುದೇ ಅಪರೂಪ. ಸುತ್ತಲೂ ಏಳುತ್ತಿರುವ ಮನೆಗಳಿಗೆ ಬಣ್ಣ ಬಳಿಯುವ ತರುಣರು ಗಟ್ಟಿಯಾದ ಕುಂಚವನ್ನು ಎಸೆದು ಹೊಸದನ್ನು ಕೊಳ್ಳುತ್ತಾರೆ, ಮೇಸ್ತ್ರಿಯ ಅವಸರದಲ್ಲಿ ಅವರಿಗೆ ಬೇರೆ ದಾರಿಯೂ ಇಲ್ಲ. ಬಂದು ಕೇಳಿದರೆ ಅಂಟುವಾಳ ನೆನೆಸುವುದರಿಂದ ಮೊದಲ್ಗೊಂಡು ಎಲ್ಲವನ್ನೂ ತೋರಿಸಿಕೊಡಲು ವೃದ್ಧರು ಸಿದ್ಧರಿದ್ದಾರೆ. ಇದುವರೆಗೆ ಯಾರೂ ಕೇಳಿಲ್ಲವಂತೆ.